ಕೋಟು ಹಾಕದ ಪಾಸ್ಕು ಭಾವ

ನಮ್ಮ ಪಾಸ್ಕು ಭಾವನ ಅಂಗಿಯನ್ನು ಗೂಟಕ್ಕೆ ಸಿಕ್ಕಿಸುವ ಅಗತ್ಯವೇ ಇರಲಿಲ್ಲ. ನೆಲದ ಮೇಲೆ ಇಟ್ಟರೆ ತಾನಾಗಿ ನಿಲ್ಲುತ್ತಿತ್ತು. ರಬ್ಬರ್ ಮರದ ಹಾಲು ಬಟ್ಟೆಗೆ ಬಿದ್ದು ಒಣಗಿತೆಂದರೆ ಮುಗಿಯಿತು, ಸೋಪಿಗೂ ಹೋಗುವುದಿಲ್ಲ, ಸೀಮೆಎಣ್ಣೆಗೂ ಹೋಗುವುದಿಲ್ಲ. ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಕಪ್ಪಾಗಿ, ಬಟ್ಟೆಯ ಮೇಲೆ ಇನ್ನೊಂದು ಚರ್ಮ ಬೆಳೆದ ಹಾಗೆ ಗಟ್ಟಿಯಾಗಿ ಕೂರುತ್ತದೆ. ಅಂಥ ಅಂಗಿಯನ್ನು ಮರ ಕೊರೆದು ಹಾಲು ಇಳಿಸುವ ಟ್ಯಾಪಿಂಗಿಗೆ ಹಾಕಲಿ, ಯಾರು ಬೇಡ ಅಂದರು? ರಬ್ಬರ್ ಇರುವವರೆಲ್ಲ ಹಾಕುವುದೇ. ಆದರೆ ಭಾವ ಅದೇ ಅಂಗಿಯಲ್ಲಿ ಭಾನುವಾರ ಎಂಟು ಗಂಟೆಯ ಪೂಜೆಗೆ ಇಗರ್ಜಿಗೆ ಬರುತ್ತಿದ್ದರು. ನಸುಕಿನ ಟ್ಯಾಪಿಂಗಿಗೆ ತಲೆಗೆ ಕಟ್ಟುವ ಲೈಟಿನ ಪಟ್ಟಿಯ ಗುರುತು ಹಣೆಯ ಮೇಲೆ ಇನ್ನೂ ಕೆಂಪಗೆ ಇರುತ್ತಿತ್ತು. ಮೂರನೇ ಬೆಂಚಿನಲ್ಲಿ ಅವರು ಕುಳಿತರೆ ಎರಡೂ ಪಕ್ಕದಲ್ಲಿ ಒಬ್ಬೊಬ್ಬರು ಕೂರುವಷ್ಟು ಜಾಗ ಖಾಲಿ. ಹಬ್ಬದ ದಿನ ಹಿಂದೆ ಜನ ನಿಂತುಕೊಂಡೇ ಇದ್ದರೂ ಆ ಜಾಗಕ್ಕೆ ಯಾರೂ ಬರುತ್ತಿರಲಿಲ್ಲ.

ನಾನು ಅವರ ಹೆಂಡತಿಯ ತಮ್ಮ. ಪುತ್ತೂರಿನ ಬಸ್‌ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ದರ್ಜಿ ಅಂಗಡಿ ಇಟ್ಟು ತಲೆಗೂದಲು ಬೆಳ್ಳಗೆ ಮಾಡಿಕೊಂಡವನು. ನಮ್ಮ ಕ್ರಿಶ್ಚಿಯನ್ನರ ಮದುವೆ ಎಂದರೆ ಮದುಮಗನಿಗೆ ಕೋಟು ಆಗಲೇಬೇಕು. ಕಡಬ, ನೆಲ್ಯಾಡಿ, ಸುಳ್ಯದ ಕಡೆಯ ಎಷ್ಟೋ ಮದುಮಗಂದಿರ ಕೋಟು ನನ್ನ ಕತ್ತರಿಯಲ್ಲಿ ಆದದ್ದು. ಹಬ್ಬಕ್ಕೆಂದು ಕಡಬದ ಹತ್ತಿರದ ನಮ್ಮ ಊರಿನ ಇಗರ್ಜಿಗೆ ಹೋದರೆ, ಎದುರಿನ ಬೆಂಚಿನವರ ಹೆಗಲು ನೋಡಿಯೇ ಇದು ನನ್ನ ಹೊಲಿಗೆ, ಇದು ನನ್ನದಲ್ಲ ಎಂದು ಹೇಳಬಲ್ಲೆ. ಅಂಥವನ ಸ್ವಂತ ಭಾವ ಹೀಗೆ ಬಂದು ಕುಳಿತರೆ ನನ್ನ ಮರ್ಯಾದೆ ಏನಾಗಬೇಕು? ಜನ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಮುಸಿಮುಸಿ ನಗುತ್ತಿದ್ದರು.

ಮನೆಯಲ್ಲಿ ನಮ್ಮದು ಕೊಂಕಣಿ, ಪೇಟೆಯಲ್ಲಿ ತುಳು. ಆದರೆ ಭಾವನಿಗೆ ಉಪದೇಶ ಕೊಡುವ ಹುಕಿ ಬಂದರೆ ಕನ್ನಡವೇ ಆಗಬೇಕು. ಅದಕ್ಕೆ ನಾನೂ ಜಗಳಕ್ಕೆ ಕನ್ನಡದಲ್ಲೇ ಇಳಿಯುತ್ತಿದ್ದೆ.

“ದೇವರು ನೋಡುದು ಅಂಗಿಯ ಒಳಗೆ ಎಂತ ಉಂಟು ಅಂತ. ಕಾಲರಿಗೆ ಇಸ್ತ್ರಿ ಬಿದ್ದಿದೆಯಾ ಅಂತ ನೋಡ್ಲಿಕ್ಕೆ ಅವನೇನು ನಿನ್ನ ಹಾಗೆ ದರ್ಜಿಯಾ?” ಎನ್ನುತ್ತಿದ್ದರು.

“ಹಾಗಾದ್ರೆ ಅಂಗಿಯೇ ಬೇಡ ಭಾವ. ಬರೀ ಮೈಯಲ್ಲಿ ಬನ್ನಿ.”

“ಬರ್ತಿದ್ದೆ. ಫಾದರ್ ಬಿಡುದಿಲ್ಲ.”

ನನಗೆ ಮಂಡೆಬಿಸಿ ಆದಷ್ಟೂ ಅವರಿಗೆ ಖುಷಿ. “ಹೊರಗೆ ಬಿಳಿ, ಒಳಗೆ ಕೊಳೆ, ಸುಣ್ಣ ಬಳಿದ ಗೋರಿಗಳು ಅಂತ ಯೇಸು ಯಾರಿಗೆ ಹೇಳಿದ್ದು? ನಿನ್ನ ಗಿರಾಕಿಗಳಿಗೇ. ನಿನ್ನದು ದರ್ಜಿ ಅಂಗಡಿ ಅಲ್ಲ ಮಾರಾಯ, ಸುಣ್ಣದ ಅಂಗಡಿ,” ಎಂದು ಹೇಳಿ, ಹೇಳಿದ್ದಕ್ಕೆ ತಾವೇ ಮೊದಲು ನಗುತ್ತಿದ್ದರು. ಒಮ್ಮೆ ನನ್ನ ಗಿರಾಕಿ ಒಬ್ಬರು ಟ್ರಯಲ್ ನೋಡುತ್ತಾ ನಿಂತಿರುವಾಗಲೇ ಅಂಗಡಿಗೆ ಬಂದು ಇದನ್ನು ಹೇಳಿದರು. ಆ ಗಿರಾಕಿ ಮತ್ತೆ ನನ್ನ ಕಡೆ ಬರಲಿಲ್ಲ.

ನನ್ನ ಅಕ್ಕ ಸೆಲಿನ್ ಗಂಡನ ಹತ್ತಿರ ಬಾಯಿ ಬಿಟ್ಟು ಕೇಳಿದ್ದು ಜೀವಮಾನದಲ್ಲಿ ಒಂದನ್ನೇ. ಚಿನ್ನ ಕೇಳಿದವಳಲ್ಲ, ತಾರಸಿ ಮನೆ ಕೇಳಿದವಳಲ್ಲ. ಗಂಡ ಒಂದು ದಿನ, ಒಂದೇ ಒಂದು ದಿನ, ಕೋಟು ಹಾಕಿಕೊಂಡು ಇಗರ್ಜಿಯ ನಡುವಿನ ದಾರಿಯಲ್ಲಿ ತನ್ನ ಪಕ್ಕದಲ್ಲಿ ನಡೆಯಬೇಕು. ಇಷ್ಟೇ. ಮದುವೆಯ ದಿನ ಅವರು ಹಾಕಿದ್ದು ಯಾರದ್ದೋ ಕೋಟು. ಅದನ್ನೂ ಇಗರ್ಜಿಯ ಬಾಗಿಲಲ್ಲೇ “ಸೆಕೆ” ಎಂದು ತೆಗೆದು ಹೆಗಲ ಮೇಲೆ ಹಾಕಿಕೊಂಡು ಒಳಗೆ ನಡೆದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅಕ್ಕನ ಬಿಳಿ ಸೀರೆಯ ಪಕ್ಕ ಅವರು ಸಂತೆಗೆ ಹೊರಟವರ ಹಾಗೆ ಕಾಣುತ್ತಿದ್ದರು.

ಪವಿತ್ರ ಗುರುವಾರದ ಕತೆ ಕೇಳಿ. ಯೇಸು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ ಆ ದಿನ ಪಾದ್ರಿಗಳು ಹನ್ನೆರಡು ಜನರನ್ನು ಸಾಲಾಗಿ ಕೂರಿಸಿ ಅವರ ಕಾಲು ತೊಳೆಯುವ ಕ್ರಮ ಉಂಟು. ನಮ್ಮವರು ಎಂಥವರೆಂದರೆ, ಪಾದ್ರಿಗಳು ತೊಳೆಯಬೇಕಾದ ಕಾಲನ್ನು ಮನೆಯಲ್ಲೇ ಮೂರು ಸಲ ತೊಳೆದು, ಹಿಮ್ಮಡಿಯನ್ನು ಕಲ್ಲಿಗೆ ಉಜ್ಜಿ, ಉಗುರು ತೆಗೆದು ಬರುತ್ತಾರೆ. ಪೌಡರ್ ಹಾಕಿ ಬಂದವರನ್ನೂ ನೋಡಿದ್ದೇನೆ. ಒಂದು ವರ್ಷ ಅಕ್ಕ ತಮ್ಮ ವಾರ್ಡಿನ ಮುಖ್ಯಸ್ಥ ಗುರ್ಕಾರರ ಹತ್ತಿರ ಹೋಗಿ ಗಂಡನ ಹೆಸರನ್ನು ಆ ಹನ್ನೆರಡರಲ್ಲಿ ಸೇರಿಸಿ ಬಂದಳು. ಈ ನೆಪದಲ್ಲಾದರೂ ಒಂದು ದಿನ ಮೈ ತೊಳೆದು, ಒಳ್ಳೆಯ ಬಟ್ಟೆ ಹಾಕಿ ಬಂದಾರು ಎಂದು ಅವಳ ಆಸೆ.

ಬಂದರು. ರಬ್ಬರ್ ಗುಡ್ಡದಿಂದ ನೇರವಾಗಿ, ಬರಿಗಾಲಲ್ಲಿ, ಕಣಕಾಲಿನವರೆಗೆ ಕೆಂಪು ಮಣ್ಣು ಮೆತ್ತಿಕೊಂಡು ಬಂದು ಹನ್ನೆರಡನೇ ಕುರ್ಚಿಯಲ್ಲಿ ಕುಳಿತರು. ಪಾದ್ರಿಗಳು ಆಗಷ್ಟೇ ಊರಿಗೆ ಬಂದ ಎಳೆಯ ಪ್ರಾಯದವರು. ಹನ್ನೊಂದು ಜನರಿಗೆ ಒಂದೊಂದು ಚೆಂಬು ನೀರು ಸಾಕಾಗಿತ್ತು. ಭಾವನ ಹತ್ತಿರ ಬಂದು ನೀರು ಹೊಯ್ದರೆ ಬೋಗುಣಿ ಕೆಂಪಾಯಿತು. ಇನ್ನೊಂದು ಚೆಂಬು. ಬೆರಳ ಸಂದಿಯಲ್ಲಿ ಒಣಗಿದ ಮಣ್ಣು, ಅದರ ಕೆಳಗೆ ರಬ್ಬರ್ ಹಾಲು. ಪಾಪ, ಪಾದ್ರಿಗಳು ಉಗುರಿನಿಂದ ಕೆರೆಯತೊಡಗಿದರು. ಇಗರ್ಜಿಯ ಹಾಡಿನ ತಂಡ ಕೊಯರಿನವರು ಹಾಡು ಮುಗಿಸಿ, ನೋಡಿ, ಮತ್ತೆ ಸುರು ಮಾಡಿದರು. ಮೂರನೇ ಸಲ ಹಾಡುವಾಗ ಏರುದನಿಯ ಸೊಪ್ರಾನೊದ ಹುಡುಗಿಯರಿಗೆ ನಗು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಭಾವ ಇಡೀ ಇಗರ್ಜಿಗೆ ಕೇಳುವ ಹಾಗೆ, “ತೊಳೀಲಿಕ್ಕೆ ಅಲ್ವಾ ಫಾದರ್ ಕರೆದದ್ದು? ತೊಳೆದ ಕಾಲು ತಂದ್ರೆ ನಿಮಗೆ ಎಂತ ಕೆಲಸ?” ಎಂದರು.

ಪಾದ್ರಿಗಳೇ ನಕ್ಕುಬಿಟ್ಟರು. ಸುಳ್ಳು ಯಾಕೆ ಹೇಳಲಿ, ನನಗೂ ನಗು ಬಂತು. ಆಮೇಲೆ ಹೆಂಗಸರ ಕಡೆ ನೋಡಿದೆ. ಅಕ್ಕ ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ತಲೆ ತಗ್ಗಿಸಿ ಕುಳಿತಿದ್ದಳು.

ಮನೆಗೆ ಬಂದ ಮೇಲೆ ನಾನು ಬಿಡಲಿಲ್ಲ. “ಭಾವ, ನೀವು ಮಾಡಿದ್ದು ಸರಿಯಾ?”

“ತಪ್ಪೆಂತ? ಹನ್ನೆರಡು ಜನರಲ್ಲಿ ನಿಜವಾಗಿ ತೊಳೆದದ್ದು ನನ್ನ ಕಾಲು ಮಾತ್ರ.”

ಆ ಮಾತು ನಿಜವೇ, ಅದೇ ರಗಳೆ. “ನಾಲ್ಕು ಜನರ ಎದುರು ಮಣ್ಣು ತೋರಿಸುದೂ ತೋರಿಸುದೇ ಅಲ್ವಾ? ಅವ್ರು ಪೌಡರ್ ತೋರಿಸಿದ್ರು, ನೀವು ಮಣ್ಣು ತೋರಿಸಿದ್ರಿ,” ಎಂದೆ.

ಭಾವ ಒಳಗೆ ತಿರುಗಿ, “ಗಂಜಿ ಆಯ್ತಾ ಸೆಲಿನ್?” ಎಂದು ಕೇಳಿದರು. ಒಳಗೆ ಪಾತ್ರೆ ಕುಕ್ಕಿದ ಸದ್ದು ಬಂತು.

ಕೆಟ್ಟ ಮನುಷ್ಯನಾಗಿದ್ದರೆ ನಾಲ್ಕು ಬೈದು ಕೈ ತೊಳೆದುಕೊಳ್ಳಬಹುದಿತ್ತು. ಹಾಗೂ ಇಲ್ಲವಲ್ಲ! ಭಾವನಿಗೆ ಗ್ರೆಗರಿ ಎಂದು ಒಬ್ಬ ಅಣ್ಣ. ಜಾಗ ಪಾಲಾಗುವಾಗ ನೀರಿರುವ ಭಾಗವನ್ನೆಲ್ಲ ತನಗೆ ಮಾಡಿಕೊಂಡು ತಮ್ಮನಿಗೆ ಬರೀ ಕೆಂಪು ಮುರಕಲ್ಲಿನ ಒಣ ಗುಡ್ಡ ಬಿಟ್ಟವನು. ಅವನಿಗೆ ಪಕ್ಷವಾತ ಹೊಡೆದು ಒಂದು ಬದಿ ಬಿದ್ದುಹೋಯಿತು. ಆಮೇಲೊಂದು ದಿನ ನಾನು ಏನೋ ಕೆಲಸಕ್ಕೆ ಆ ಕಡೆ ಹೋದವನು ಗ್ರೆಗರಿಯ ಮನೆಗೆ ಹೊಕ್ಕರೆ, ನಮ್ಮ ಭಾವ ಅಲ್ಲಿ ಕೆಂಡದ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತಿದ್ದಾರೆ! ಅಣ್ಣನ ಗಡ್ಡ ತೆಗೆದು, ಮೈ ಒರೆಸಿ, ಮಗ್ಗುಲು ಬದಲಿಸಿ ಮಲಗಿಸಿ ಆಗಿತ್ತು. ಈಗ ಅವನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ದಿನಾ ಬೆಳಗ್ಗೆ ಟ್ಯಾಪಿಂಗ್ ಮುಗಿಸಿ ಬಂದು ಇದನ್ನು ಮಾಡುವುದಂತೆ, ಎರಡು ವರ್ಷದಿಂದ. ನನ್ನ ಹತ್ತಿರ ಒಂದು ಮಾತು ಹೇಳಿದವರಲ್ಲ. ಕಾಲರನ್ನು ಎಷ್ಟು ಚೆಂದ ಮಡಚಿದ್ದರೆಂದರೆ ನನ್ನ ಅಂಗಡಿಯಲ್ಲೂ ಅಷ್ಟು ಚೆಂದ ಆಗುವುದಿಲ್ಲ.

“ಎಂತ ಭಾವ ಇದು? ಇಸ್ತ್ರಿ ಅಂದ್ರೆ ನಿಮಗೆ ಆಗುದಿಲ್ಲ ಅಲ್ವಾ?” ಎಂದೆ.

“ಮೆಲ್ಲ ಮಾತಾಡು. ಇವನಿಗೆ ಬೇಕು ಮಾರಾಯ. ನೋಡ್ಲಿಕ್ಕೆ ಜನ ಬರ್ತಾರಲ್ಲ, ಮುದುಡಿದ ಅಂಗಿಯಲ್ಲಿ ಇದ್ರೆ ಅವನಿಗೆ ನಾಚಿಕೆ ಆಗ್ತದೆ.”

“ಅಕ್ಕನಿಗೂ ನಾಚಿಕೆ ಆಗ್ತದೆ!”

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ಸೆಲಿನ್‌ಗಾ? ಅವಳು ಬೇರೆಯಾ? ಅವಳು ಅಂದ್ರೆ ನಾನೇ ಅಲ್ವಾ?”

ಇದಕ್ಕೆ ಏನು ಹೇಳುತ್ತೀರಿ? ಮೋಸ ಮಾಡಿದ ಅಣ್ಣನ ನಾಚಿಕೆ ಇವರಿಗೆ ಅರ್ಥವಾಗುತ್ತದೆ, ಅನ್ನ ಬಡಿಸುವ ಹೆಂಡತಿಯದ್ದು ಆಗುವುದಿಲ್ಲ. ನಾನು ಕಾಫಿಯನ್ನೂ ಕುಡಿಯದೆ ಎದ್ದು ಬಂದೆ.

ಅದರ ಮುಂದಿನ ವರ್ಷ ಅವರ ಮಗಳ ಮದುವೆ ನಿಶ್ಚಯವಾಯಿತು, ಸುಳ್ಯದ ಕಡೆಯ ಹುಡುಗ. ಮಗಳ ಕೈ ಹಿಡಿದು ಇಗರ್ಜಿಗೆ ನಡೆಯುವವನು ಅಪ್ಪ. ಇಷ್ಟಕ್ಕಾದರೂ ಕೋಟು ಹಾಕಿಯಾರು ಎಂದು ಅಕ್ಕ ಹೇಳಿದಳು. ಅಳತೆ ಕೊಡಲು ಭಾವ ಒಪ್ಪಲಿಲ್ಲ. ಅಕ್ಕ ಅವರ ಹಳೆಯ ಅಂಗಿಯೊಂದನ್ನು ಚೀಲದಲ್ಲಿ ಮುಚ್ಚಿ ತಂದು ಕೊಟ್ಟಳು. ಅದರ ಅಳತೆಯಲ್ಲೇ ಕಡುನೀಲಿ ಕೋಟು ಹೊಲಿದೆ. ಎದೆ ನೆಟ್ಟಗೆ ನಿಲ್ಲಲು ಒಳಗಿಡುವ ಕ್ಯಾನ್ವಾಸನ್ನು ಕೆಲಸದವರಿಗೆ ಬಿಡದೆ ನಾನೇ ಕೈಹೊಲಿಗೆಯಲ್ಲಿ ಕೂರಿಸಿದೆ.

ಮದುವೆಯ ದಿನ ಇಗರ್ಜಿಗೆ ಹೋಗಿ ನೋಡುತ್ತೇನೆ, ನನ್ನ ಕೋಟು ಮೊದಲನೇ ಬೆಂಚಿನ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತಿದೆ. ಅದರೊಳಗೆ ಗ್ರೆಗರಿ! ಭಾವ ಬೆಳಗ್ಗೆ ಬೇಗನೆ ಹೋಗಿ ಅಣ್ಣನಿಗೆ ಅದನ್ನು ತೊಡಿಸಿ, ತಾವು ಬಿಳಿ ಅಂಗಿ, ಪಂಚೆಯಲ್ಲಿ ಬಂದಿದ್ದರು. ಅಂಗಿ ಮಾತ್ರ ಶುಭ್ರವಾಗಿತ್ತು, ಅಷ್ಟು ಮರ್ಯಾದೆ ಉಳಿಸಿದರು. “ಅವನಿಗೆ ಇಷ್ಟು ಜನರ ಎದುರು ಬರ್ಲಿಕ್ಕೆ ಧೈರ್ಯವೇ ಇರ್ಲಿಲ್ಲ ಮಾರಾಯ. ಕೋಟು ಹಾಕಿದ ಮೇಲೆ ಬಂದ,” ಎಂದು ನನ್ನ ಕಿವಿಯಲ್ಲಿ ಹೇಳಿದರು, ನಾನು ಮೆಚ್ಚಬೇಕು ಎಂಬ ಹಾಗೆ. ಗ್ರೆಗರಿಯ ಒಂದು ಕಣ್ಣಿನಿಂದ ನೀರು ಇಳಿಯುತ್ತಿತ್ತು. ಮೆಚ್ಚದೆ ಇರುವುದು ಹೇಗೆ? ಮೆಚ್ಚುವುದಾದರೂ ಹೇಗೆ? ಅಕ್ಕ ಎಲ್ಲರ ಹತ್ತಿರ ನಗುನಗುತ್ತಾ ಮಾತಾಡಿದಳು. ಮದುವೆ ಮುಗಿದ ಮೇಲೆ ಮೂರು ದಿನ ಗಂಡನೊಂದಿಗೆ ಮಾತು ಬಿಟ್ಟಳು. ಆ ಕೋಟು ಕೊನೆಗೆ ಗ್ರೆಗರಿಯ ಜೊತೆಯಲ್ಲೇ ಮಣ್ಣಿಗೆ ಹೋಯಿತು. ಆಮೇಲೆ ಅಕ್ಕ ಕೋಟಿನ ಮಾತೆತ್ತಲಿಲ್ಲ.

ವರ್ಷಗಳು ಕಳೆದವು. ಅಕ್ಕನಿಗೆ ಶುಗರ್ ಏರಿ ಏರಿ ಕಣ್ಣಿಗೆ ಬಂತು. ಮೊದಲು ಒಂದು, ಆಮೇಲೆ ಇನ್ನೊಂದು. ಆಸ್ಪತ್ರೆಗೆಂದು ಅಲೆದದ್ದಾಯಿತು, ಲೇಸರ್ ಹೊಡೆಸಿದ್ದಾಯಿತು, ಏನೂ ಪ್ರಯೋಜನವಾಗಲಿಲ್ಲ. ಎರಡು ವರ್ಷದ ಹಿಂದೆ ಪೂರ್ತಿ ಕತ್ತಲಾಯಿತು. ಅನ್ನ ಬೇಯಿಸುವುದು, ಅವಳ ಕೂದಲು ಬಾಚುವುದು, ಮಾತ್ರೆ ಎಣಿಸಿ ಕೊಡುವುದು, ಎಲ್ಲವನ್ನೂ ಭಾವನೇ ಮಾಡಿದರು. ಗೊಣಗಿದ್ದನ್ನು ನಾನು ಕೇಳಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಭಾವ ಪುತ್ತೂರಿನ ನನ್ನ ಅಂಗಡಿಗೆ ಬಂದರು. ಚಪ್ಪಲಿಯನ್ನು ಹೊರಗೆ ಬಿಟ್ಟು, ಮೇಜಿನ ಎದುರು ನಿಂತು, “ಅಳತೆ ತಗೋ,” ಎಂದರು.

“ಯಾರದ್ದು?”

“ನನ್ನದೇ ಮಾರಾಯ. ಕೋಟಿಗೆ. ಮುಂದಿನ ತಿಂಗಳು ನಮ್ಮ ಮದುವೆಗೆ ಐವತ್ತು ವರ್ಷ ಆಗ್ತದೆ. ಪೂಜೆ ಇಟ್ಟಿದ್ದೇವೆ.”

ನನಗೆ ಸಿಟ್ಟು ನೆತ್ತಿಗೇರಿತು. ಟೇಪನ್ನು ಮೇಜಿನ ಮೇಲೆ ಎಸೆದೆ. “ಈಗಲಾ ಭಾವ? ಅವಳಿಗೆ ಕಣ್ಣು ಇರುವಷ್ಟು ದಿನ ಬೇಡಿಸಿಕೊಂಡ್ರಿ. ಈಗ ನೀವು ಕೋಟು ಹಾಕಿದ್ರೂ ಒಂದೇ, ಗೋಣಿ ಹಾಕಿದ್ರೂ ಒಂದೇ ಅವಳಿಗೆ! ಯಾರಿಗೆ ತೋರಿಸ್ಲಿಕ್ಕೆ ಇನ್ನು?”

ಉಪದೇಶ ಬರುತ್ತದೆ ಎಂದು ಕಾದೆ. ಬರಲಿಲ್ಲ. ಗಿರಾಕಿಗಳ ಬೆಂಚಿನ ಮೇಲೆ ಕುಳಿತು ತಮ್ಮ ಅಂಗೈ ನೋಡಿಕೊಂಡರು.

“ಭಾನುವಾರ ಹೊರಡುವಾಗ ಅವಳು ಕೇಳ್ತಾಳೆ, ‘ಎಂತ ಹಾಕಿದ್ದೀರಿ’ ಅಂತ. ಕಣ್ಣು ಹೋದ ಮೇಲೆ ಸುರುವಾದದ್ದು ಅದು. ಒಂದು ದಿನ ಸುಮ್ಮನೆ, ‘ಬಿಳಿ ಅಂಗಿ, ಇಸ್ತ್ರಿ ಹಾಕಿದ್ದು’ ಅಂತ ಹೇಳಿದೆ. ಅವಳ ಮುಖ ಹೇಗೆ ಅರಳಿತು ಗೊತ್ತುಂಟಾ? ಮುಂದಿನ ವಾರವೂ ಹೇಳಿದೆ. ಒಂದು ವರ್ಷ ಹೇಳಿದೆ.”

“ಹಾಕಿದ್ದು ರಬ್ಬರಿನ ಅಂಗಿಯಾ?”

“ಅದೇ.”

“ಥೂ ಭಾವ! ಸುಳ್ಳು ಹೇಳುವ ಬದಲು ಒಂದು ಇಸ್ತ್ರಿ ಅಂಗಿ ಹಾಕಬಹುದಿತ್ತಲ್ಲ! ನಾನೇ ಹೊಲಿದು ಕೊಟ್ಟದ್ದು ಎಷ್ಟು ಉಂಟು ಮನೆಯಲ್ಲಿ!”

“ಉಂಟು,” ಎಂದರು. “ಹಟ ಮಾರಾಯ. ಬರೀ ಹಟ. ಇಷ್ಟು ವರ್ಷ ಹಾಕದವ ಈಗ ಹಾಕಿದ್ರೆ ಊರಿನವರು ಎಂತ ಹೇಳ್ತಾರೆ ಅಂತ.”

ನಾನು ಅವರ ಮುಖ ನೋಡಿದೆ. ಊರಿನವರು ಏನು ಹೇಳುತ್ತಾರೆ ಎಂದು ಅಂಜಿದವರು ನಮ್ಮ ಪಾಸ್ಕು ಭಾವ!

“ಅವಳನ್ನು ಇಗರ್ಜಿಗೂ, ಅಲ್ಲಿ ಪೀಠದ ಹತ್ತಿರ ಪರಮ ಪ್ರಸಾದಕ್ಕೂ ಕರ್ಕೊಂಡು ಹೋಗುದು ನೆರೆಮನೆಯವಳು. ಆಚೆ ವಾರ ಆ ಹೆಂಗಸು ಬಂದಿರ್ಲಿಲ್ಲ, ನಾನು ಹೋದೆ. ಕೈ ಹಿಡಿದವಳು ಸ್ವಲ್ಪ ಎಡವಿದಳು, ಮೊಣಕೈ ಹತ್ತಿರ ಅಂಗಿ ಹಿಡಿದಳು. ರಬ್ಬರ್ ಹಾಲು ಬೆರಳಿಗೆ ಸಿಕ್ಕಿತು. ಅಲ್ಲೇ ಬೆರಳಾಡಿಸಿ ಆಡಿಸಿ ನೋಡಿದಳು. ಏನೂ ಹೇಳ್ಲಿಲ್ಲ. ಮನೆಗೆ ಬಂದೂ ಹೇಳ್ಲಿಲ್ಲ. ಈ ಭಾನುವಾರ ಎಂತ ಹಾಕಿದ್ದೀರಿ ಅಂತ ಕೇಳ್ಲೇ ಇಲ್ಲ.” ಅಂಗೈಯನ್ನು ಪಂಚೆಗೆ ಒರೆಸಿಕೊಂಡು ಹೇಳಿದರು: “ಒಳಗಿನದ್ದು ಮುಖ್ಯ ಅಂತ ಹೇಳ್ತಾ ಹೇಳ್ತಾ, ಒಳಗೇ ಕೊಳೆ ಮಾಡ್ಕೊಂಡೆ. ಬೇಗ ಹೊಲಿದು ಕೊಡು.”

ಎದ್ದು ನಿಂತರು. ಪೊಲೀಸರು ಹಿಡಿದವರ ಹಾಗೆ ಎರಡೂ ಕೈ ಮೇಲೆತ್ತಿದರು. ಇಳಿಸಿ ಎಂದೆ. ಅಳತೆ ತೆಗೆಯುವಾಗ ಗೊತ್ತಾಯಿತು, ಅವರ ಎಡ ಹೆಗಲು ಬಲಕ್ಕಿಂತ ಒಂದಿಂಚು ಕೆಳಗೆ. ಹಾಲಿನ ಬಕೆಟ್ ಹೊತ್ತು ಹೊತ್ತು ಇಳಿದದ್ದು. ಇಷ್ಟು ವರ್ಷ ಅವರ ಅಂಗಿಯನ್ನು ಬೈಯುತ್ತಾ ಬಂದ ನಾನು ಹೆಗಲನ್ನು ನೋಡಿರಲಿಲ್ಲ. ಅದನ್ನು ಪುಸ್ತಕದಲ್ಲಿ ಬರೆದುಕೊಂಡೆ.

ಪೂಜೆಯ ದಿನ ಭಾವ ಕೋಟು ಹಾಕಿದರು. ಬೂದು ಬಣ್ಣದ್ದು, ಎಡ ಹೆಗಲಿಗೆ ಒಂದು ಪದರ ಹತ್ತಿ ಜಾಸ್ತಿ ಇಟ್ಟಿದ್ದೆ. ಊರಿನವರು ಬಾಯಿ ಬಿಟ್ಟು ನೋಡಿದರು. ಭಾವ ಯಾರನ್ನೂ ನೋಡದೆ, ಕಳ್ಳನ ಹಾಗೆ ನೆಲ ನೋಡುತ್ತಾ ನಡೆದರು. ಅಕ್ಕ ಬಲಗೈಯಿಂದ ಅವರ ತೋಳು ಹಿಡಿದಿದ್ದಳು. ಬಾಗಿಲಿನಿಂದ ಪೀಠದವರೆಗೆ ಅವಳ ಬೆರಳು ಸುಮ್ಮನಿರಲಿಲ್ಲ, ಬಟ್ಟೆಯ ಮೇಲೆ ಮೆಲ್ಲಗೆ ಹೋಗುತ್ತಾ ಬರುತ್ತಾ ಇತ್ತು. ನಾನು ಹಿಂದೆಯೇ ಇದ್ದೆ.

“ಸೆಕೆ ಆಗ್ತದಾ?” ಎಂದು ಅಕ್ಕ ಪಿಸುಗುಟ್ಟಿದಳು.

“ಆಗ್ತದೆ.”

“ಇರ್ಲಿ,” ಎಂದಳು.

ತಲೆ ಎತ್ತಿ, ಕಾಣದ ಕಣ್ಣುಗಳನ್ನು ನೇರ ಮುಂದಕ್ಕೆ ಇಟ್ಟು ಅವಳು ನಡೆದ ರೀತಿಯನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ನನಗೆ ಅಳು ಬಂತು, ಕರ್ಚೀಫು ತೆಗೆದು ಸೀನಿದ ಹಾಗೆ ಮಾಡಿದೆ.

ಅದರ ಮುಂದಿನ ಎರಡು ಭಾನುವಾರ ಭಾವ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಹೋದರಂತೆ. ಮೂರನೇ ಭಾನುವಾರ ಅವರಿಗೆ ಬರಲಿಲ್ಲ. ಶುಕ್ರವಾರ ಬೆಳಗ್ಗೆ ಟ್ಯಾಪಿಂಗ್ ಮುಗಿಸಿ ಬಂದು, ಅಕ್ಕನಿಗೆ ಕಾಫಿ ಕೊಟ್ಟು, ಜಗಲಿಯಲ್ಲಿ ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ.

ನಮ್ಮಲ್ಲಿ ಗಂಡಸರನ್ನು ಕೋಟು ಹಾಕಿ ಪೆಟ್ಟಿಗೆಯಲ್ಲಿ ಮಲಗಿಸುವುದು ಕ್ರಮ. ಹೊಸ ಕೋಟು ಇತ್ತಲ್ಲ. ಮಗಳು ಅದನ್ನು ಕಪಾಟಿನಿಂದ ತೆಗೆಯುತ್ತಿದ್ದಂತೆ ಅಕ್ಕ ಕೂತಲ್ಲಿಂದಲೇ ಹೇಳಿದಳು: “ಅದನ್ನು ಅಲ್ಲೇ ಇಡು. ಮಣ್ಣಿಗೆ ಕೊಡುದಿಲ್ಲ. ಅದು ನನ್ನದು.”

“ಮಮ್ಮಿ, ಬಂದವರೆಲ್ಲ ಎಂತ ಹೇಳ್ತಾರೆ?”

“ಹೇಳ್ಲಿ.”

ಬಿಳಿ ಅಂಗಿಗೆ ನಾನೇ ಇಸ್ತ್ರಿ ಹಾಕಿದೆ. ಅದರಲ್ಲೇ ಭಾವನನ್ನು ಕಳಿಸಿದೆವು. ದರ್ಜಿಯ ಭಾವನಿಗೆ ಒಂದು ಕೋಟು ಇರಲಿಲ್ಲವಾ ಎಂದು ಜನ ಹೇಳಿದ್ದು ನನ್ನ ಕಿವಿಗೂ ಬಿತ್ತು.

ಕಳೆದ ವಾರ ಅಕ್ಕನನ್ನು ನೋಡಲು ಹೋಗಿದ್ದೆ. ಊಟ ಆದ ಮೇಲೆ ಅವಳು ಮಂಚದ ತಲೆಗಿಂಬಿನ ಪಕ್ಕದಿಂದ ಕೋಟು ತೆಗೆದು ಕೊಟ್ಟಳು. “ಎಡ ತೋಳಲ್ಲಿ ಎಂತದ್ದೋ ಆಗಿದೆ ಅಂತ ಕಾಣ್ತದೆ. ನೋಡು,” ಎಂದಳು.

ಕಿಟಕಿಯ ಹತ್ತಿರ ತಂದು ನೋಡಿದೆ. ಮೊಣಕೈಯ ಮೇಲೆ, ಅಂಗೈಯಗಲದ ಜಾಗದಲ್ಲಿ ಬಟ್ಟೆಯ ಜುಂಗು ಪೂರ್ತಿ ಹೋಗಿ ನೂಲು ಕಾಣುತ್ತಿತ್ತು. ಪಕ್ಕದ ಹೊಲಿಗೆ ಬಿಟ್ಟಿತ್ತು. ಮೈಗೆ ಹಾಕಿ ಹಾಕಿ ಸವೆದ ಕೋಟನ್ನು ಎಷ್ಟೋ ನೋಡಿದ್ದೇನೆ, ಕಾಲರು ಸವೆಯುತ್ತದೆ, ಕೈತುದಿ ಸವೆಯುತ್ತದೆ. ಇದು ಹಾಕಿದ್ದು ಒಂದೇ ದಿನ. ಉಳಿದದ್ದೆಲ್ಲ ಅವಳ ಬೆರಳು.

“ಎಂತ ಆಗಿದೆ?” ಎಂದು ಅಕ್ಕ ಕೇಳಿದಳು.

“ಏನಿಲ್ಲ ಅಕ್ಕ, ಒಂದು ಹೊಲಿಗೆ ಬಿಟ್ಟಿದೆ.”

ಅವಳ ಸೂಜಿ ಡಬ್ಬಿ ತೆಗೆದು ಅಲ್ಲೇ ಕುಳಿತು ಹಾಕಿ ಕೊಟ್ಟೆ. ಅವಳು ಆ ಜಾಗವನ್ನು ಮುಟ್ಟಿ ನೋಡಿ, ಸರಿಯಾಯಿತು ಎಂದು ಮಡಿಲಲ್ಲಿ ಇಟ್ಟುಕೊಂಡಳು. ಪುತ್ತೂರಿನ ಬಸ್ಸು ಹತ್ತಿ ಕುಳಿತ ಮೇಲೆ ನನಗೆ ಭಾವನ ಮೇಲೆ ಮತ್ತೆ ಸಿಟ್ಟು ಬಂತು, ಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ ಮಾತು ಬಾಯಿಯಿಂದಲೇ ಬಂತು. ವರ್ಷಕ್ಕೆ ಒಂದು ಸಲ ಹಾಕಿದ್ದರೆ ಐವತ್ತು ಸಲ ಆಗುತ್ತಿತ್ತಲ್ಲ. ನಿಮ್ಮ ಗಂಟೇನು ಹೋಗುತ್ತಿತ್ತು ಭಾವ?